ಜೂನ್‌ನ ದಾಖಲಾತಿ, ನವೆಂಬರ್‌ನ ಹಾಜರಾತಿ

ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಒಂದು ಹಳ್ಳಿ. ನವೆಂಬರ್ ಎರಡನೇ ವಾರ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ನಮ್ಮ ಮಾಮಾ, ಅಂದರೆ ಅಕ್ಕನ ಗಂಡ, ಮಾಸ್ತರಿಕೆ ಮಾಡುತ್ತಾರೆ. ಅವರನ್ನು ನೋಡಲು ಹೋದವನು ಸುಮ್ನೆ ಕೂರಲಾರದೆ ಐದನೇ ಕ್ಲಾಸಿನ ಹಾಜರಿ ಪುಸ್ತಕ ತಿರುವಿದೆ. ಒಟ್ಟು 34 ಹೆಸರು. ಜುಲೈ, ಆಗಸ್ಟ್ ಪುಟಗಳಲ್ಲಿ ನೀಲಿ ಗೀಟುಗಳು ಸಾಲಾಗಿ ನಿಂತಿವೆ. ಅಲ್ಲೊಂದು ಇಲ್ಲೊಂದು ಕೆಂಪು ‘ಗೈ’. ದಸರಾ ರಜೆ ಮುಗಿದ ಮೇಲಿನ ಪುಟಕ್ಕೆ ಬಂದರೆ ಬಣ್ಣವೇ ಬೇರೆ. ಕೆಲವು ಹೆಸರುಗಳ ಮುಂದೆ ಈ ತುದಿಯಿಂದ ಆ ತುದಿವರೆಗೆ ಬರೀ ಕೆಂಪು. ತಲೆ ಎತ್ತಿ ಎಣಿಸಿದೆ. ಕ್ಲಾಸಿನಲ್ಲಿ ಕೂತವರು 19.

‘ಉಳಿದವರೆಲ್ಲಿ ಮಾಮಾ?’ ಅಂದೆ.

‘ಹತ್ತಿ ಬಿಡಿಸ್ಲಾಕ ಹೋಗ್ಯಾರ. ಆರು ಮಂದಿ ಬೆಂಗಳೂರಾಗ ಅದಾರ. ಹೆಸರು ಮಾತ್ರ ಎಲ್ಲಾರ್ದೂ ಅದ ನೋಡು ತಮ್ಮಾ.’

ನಮ್ಮ ಕಡೆಯ ಕಚೇರಿ ಮಾತುಗಳು ಹೆಚ್ಚಾಗಿ ಉರ್ದುವಿನ ಹಾದಿಯಲ್ಲಿ ಬಂದವು. ದಾಖಲಾತಿಯೊಳಗಿನ ‘ದಾಖಲ್’ ಅಂದರೆ ಒಳಗೆ ಬಂದದ್ದು. ಹಾಜರಾತಿಯೊಳಗಿನ ‘ಹಾಜರ್’ ಅಂದರೆ ಎದುರಿಗೆ ಇರುವುದು. ಒಳಗೆ ಬಂದವರೆಲ್ಲ ಎದುರಿಗೆ ಇರಲೇಬೇಕು ಅಂತ ಏನಿಲ್ಲ. ಪ್ರತಿ ವರ್ಷ ದಾಖಲಾತಿ ಏರಿತು, ಇಳಿಯಿತು ಅಂತ ಸುದ್ದಿ ಬರುತ್ತದೆ. ಇಳಿದರೆ ಗಾಬರಿ, ಏರಿದರೆ ಫ್ಲೆಕ್ಸ್. ನನಗೆ ಎರಡೂ ಅವಸರ ಅನ್ನಿಸುತ್ತದೆ. ಯಾದಗಿರಿ, ಕಲಬುರಗಿ, ಬೀದರ್ ಕಡೆ ಹೆಸರು ಬರೆಸುವ ಕೆಲಸ ಬಹುಪಾಲು ಮುಗಿದಿದೆ. ಬರೆಸಿದ ಹೆಸರಿನ ಮಗು ನವೆಂಬರ್‌ನಲ್ಲಿ ಎಲ್ಲಿರುತ್ತದೆ? ನಮ್ಮ ಲೆಕ್ಕದ ಪದ್ಧತಿ ಇದನ್ನು ಕೇಳುವುದೇ ಇಲ್ಲ.

ಇಳಿದದ್ದು ಮಕ್ಕಳೋ, ಲೆಕ್ಕವೋ?

ಮೊದಲು ದೇಶದ ಅಂಕಿ ನೋಡೋಣ. ದೇಶದ ಶಾಲೆಗಳ ಲೆಕ್ಕ ಇಡುವ ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್ ವರದಿ ಪ್ರಕಾರ 2021-22ರಲ್ಲಿ ಪೂರ್ವ ಪ್ರಾಥಮಿಕದಿಂದ ಹನ್ನೆರಡನೇ ತರಗತಿವರೆಗೆ ಸುಮಾರು 26.5 ಕೋಟಿ ಮಕ್ಕಳಿದ್ದರು. 2022-23ಕ್ಕೆ ಅದು 25.17 ಕೋಟಿ ಆಯಿತು. 2023-24ಕ್ಕೆ 24.8 ಕೋಟಿ. 2024-25ಕ್ಕೆ 24.69 ಕೋಟಿ. ಎರಡೇ ವರ್ಷದಲ್ಲಿ 1.7 ಕೋಟಿ ಮಕ್ಕಳು ಮಾಯವಾದರು ಅಂತ 2023-24ರ ಅಂಕಿ ಬಂದಾಗ ಟಿವಿಯಲ್ಲಿ ಚರ್ಚೆ ನಡೆದಿತ್ತು.

ಮಾಯವಾದವರಲ್ಲಿ ಒಂದು ಪಾಲು ಮಕ್ಕಳು ನಿಜಕ್ಕೂ ಇರಲೇ ಇಲ್ಲ. ಮೊದಲೆಲ್ಲ ಶಾಲೆಯವರು ಒಟ್ಟು ಸಂಖ್ಯೆ ಬರೆದು ಕಳಿಸಿದರೆ ಸಾಕಿತ್ತು. ಒಂದನೇ ಕ್ಲಾಸು ಇಷ್ಟು, ಎರಡನೇದು ಇಷ್ಟು, ಅಷ್ಟೇ. 2022-23ರಿಂದ ಒಂದೊಂದು ಮಗುವಿನ ಹೆಸರು, ತಂದೆ-ತಾಯಿ ಹೆಸರು, ಹುಟ್ಟಿದ ದಿನ, ಕೊಟ್ಟರೆ ಆಧಾರ್ ನಂಬರು, ಹೀಗೆ ಬಿಡಿಬಿಡಿಯಾಗಿ ತುಂಬಬೇಕು. ಆಗ ಎರಡು ಕಡೆ ಹೆಸರಿದ್ದ ಮಗು ಒಂದೇ ಆಯಿತು. ನಮ್ಮ ಕಡೆ ಈ ಎರಡು ಕಡೆಯ ಹೆಸರು ಹೊಸದೇನಲ್ಲ. ಹೆಸರು ಊರಿನ ಸರ್ಕಾರಿ ಶಾಲೆಯಲ್ಲಿ, ಹುಡುಗ ಮಾತ್ರ ನವೋದಯ, ಮೊರಾರ್ಜಿ, ಸೈನಿಕ ಶಾಲೆ ಪರೀಕ್ಷೆಗೆ ತಯಾರಿ ಮಾಡಿಸುವ ಯಾವುದೋ ಪಟ್ಟಣದ ಕೋಚಿಂಗಿನಲ್ಲಿ. ಊರಿಗೆಲ್ಲ ಗೊತ್ತಿರುವ ಗುಟ್ಟು ಇದು.

ಇನ್ನೊಂದು ಕಾರಣ ಇನ್ನೂ ಸರಳ. ಮಕ್ಕಳು ಹುಟ್ಟುವುದೇ ಕಡಿಮೆ ಆಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದ ಹಾಗೇ ಇರಬೇಕಾದರೆ 2.1 ಬೇಕು. ನಮ್ಮ ಅಜ್ಜಿಗೆ ಒಂಬತ್ತು ಮಕ್ಕಳು, ಅಮ್ಮನಿಗೆ ನಾಲ್ಕು, ಅಕ್ಕನಿಗೆ ಎರಡು. ಒಂದನೇ ಕ್ಲಾಸಿನಲ್ಲಿ ಬೆಂಚು ಖಾಲಿ ಉಳಿದರೆ ಅದರಲ್ಲಿ ಅಕ್ಕನ ತಪ್ಪೇನೂ ಇಲ್ಲ, ಅಲ್ವಾ?

ಇನ್ನು ಶೇಕಡಾವಾರು ಲೆಕ್ಕ. ‘ಒಟ್ಟು ದಾಖಲಾತಿ ಅನುಪಾತ’ ಅಂತ ಒಂದಿದೆ. ಪ್ರಾಥಮಿಕ ತರಗತಿಗಳಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟನ್ನೂ, ವಯಸ್ಸು ಎಷ್ಟೇ ಆಗಿರಲಿ, ತೆಗೆದುಕೊಂಡು, ಆ ತರಗತಿಗಳಲ್ಲಿ ಇರಬೇಕಾದ ವಯಸ್ಸಿನ ಮಕ್ಕಳು ಊರಲ್ಲಿ ಎಷ್ಟಿದ್ದಾರೆ ಅನ್ನುವ ಸಂಖ್ಯೆಯಿಂದ ಭಾಗಿಸುತ್ತಾರೆ. ವಯಸ್ಸು ಮೀರಿದವರೂ ಮೇಲಿನ ಅಂಕಿಯಲ್ಲಿ ಸೇರುವುದರಿಂದ ಅನುಪಾತ 100 ದಾಟುವುದೂ ಉಂಟು. ಆದರೆ ಊರಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಗೊತ್ತಾಗುವುದು ಹೇಗೆ? 2011ರ ಜನಗಣತಿಯನ್ನು ಹಿಡಿದು ಅಂದಾಜು ಮಾಡಬೇಕು. 2021ರ ಜನಗಣತಿ ನಡೆಯಲಿಲ್ಲ. ಮುಂದಿನದು 2027ಕ್ಕೆ ಅಂತ ಗೊತ್ತಾಗಿದೆ. ಅಲ್ಲಿವರೆಗೆ ಮೇಲಿನ ಅಂಕಿ ಈ ವರ್ಷದ್ದು, ಕೆಳಗಿನ ಅಂಕಿ ಹಳೇ ಗಣತಿಯ ಅಂದಾಜು. ಈ ಅನುಪಾತ ಎರಡು ಪಾಯಿಂಟ್ ಏರಿತು ಅಂತ ಕುಣಿಯುವುದಕ್ಕೂ ಅರ್ಥವಿಲ್ಲ, ಇಳಿಯಿತು ಅಂತ ಅಳುವುದಕ್ಕೂ ಅರ್ಥವಿಲ್ಲ.

ಹೀಗಾಗಿ ಕೋಟಿಗಟ್ಟಲೆ ಇಳಿಕೆಯ ಸುದ್ದಿ ಓದಿ ನಾನು ಅಷ್ಟೇನೂ ಬೆಚ್ಚಲಿಲ್ಲ. ಬೆಚ್ಚಿದ್ದು ಬೇರೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ. ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಕೇಳುವ ‘ಅಸರ್’ ಸಮೀಕ್ಷೆಯ 2024ರ ವರದಿ ಇದೆ. 6ರಿಂದ 14 ವರ್ಷದ ಮಕ್ಕಳಲ್ಲಿ ಶಾಲೆಗೆ ದಾಖಲಾದವರು ಶೇ. 98.1. ಅದೇ ವರದಿಯವರು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಹೋಗಿ ತಲೆ ಎಣಿಸಿದರು. ಅವರು ಹೋದ ದಿನ ಹಾಜರಿದ್ದ ಮಕ್ಕಳು ಶೇ. 75.9. ಎರಡೂ ಒಂದೇ ಗುಂಪಿನ ಲೆಕ್ಕವಲ್ಲ, ಒಂದರಿಂದ ಇನ್ನೊಂದನ್ನು ಕಳೆಯುವ ಹಾಗಿಲ್ಲ, ನಿಜ. ಆದರೂ ಹೆಸರಿಗೂ ತಲೆಗೂ ನಡುವೆ ಎಷ್ಟು ಅಂತರ ಇದೆ ಅಂತ ಕಾಣಲು ಇಷ್ಟು ಸಾಕು. ಅದೂ ಇದು ಇಡೀ ದೇಶದ ಸರಾಸರಿ. ಹತ್ತಿ ಹೊಲದ ನಡುವೆ ಇರುವ ಊರಿನ ನವೆಂಬರ್ ಲೆಕ್ಕ ಅಲ್ಲ.

ತಡವಾಗಿ ಹೊರಟ ಬಂಡಿ

ಈ ಭಾಗದ ಹಿಂದಿನ ಕತೆ ಎಲ್ಲರಿಗೂ ಗೊತ್ತಿರುವಂಥದ್ದೇ, ಉದ್ದ ಮಾಡುವುದಿಲ್ಲ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಹೈದರಾಬಾದಿನಲ್ಲಿದ್ದೆವು. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಕಲಿಸುವ ಶಾಲೆಗಳು ಬೆರಳೆಣಿಕೆ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಪ್ರಾದೇಶಿಕ ಅಸಮಾನತೆ ಅಳೆದ 2002ರ ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ 39 ಅತ್ಯಂತ ಹಿಂದುಳಿದ ತಾಲೂಕುಗಳನ್ನು ಗುರುತಿಸಿತು. ಅದರಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರಾಯಿತು. 2018ರಲ್ಲಿ ನೀತಿ ಆಯೋಗ ಯಾದಗಿರಿಯನ್ನು ‘ಮಹತ್ವಾಕಾಂಕ್ಷಿ ಜಿಲ್ಲೆ’ ಅಂತ ಕರೆಯಿತು. ಹಿಂದುಳಿದ ಅನ್ನುವುದಕ್ಕೆ ಇಷ್ಟು ಚಂದದ ಪದ ಸಿಗುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ.

ಇಲ್ಲಿ ಒಂದು ಅಂಕಿ ಮಾತ್ರ ನೆನಪಿಡಿ. 2011ರಲ್ಲಿ ಬೀದರ್‌ನ ಸಾಕ್ಷರತೆ ಶೇ. 70ರ ಆಸುಪಾಸು, ಕಲಬುರಗಿಯದು 65ರ ಹತ್ತಿರ, ಯಾದಗಿರಿಯದು ಶೇ. 51.83. ರಾಜ್ಯಕ್ಕೆಲ್ಲ ಕೊನೆ. ಯಾದಗಿರಿಯ ಹೆಣ್ಣುಮಕ್ಕಳದ್ದು ಶೇ. 41ರ ಹತ್ತಿರ. ಆಗ ಹತ್ತು ಹನ್ನೆರಡು ವರ್ಷದವರಿದ್ದ ಹುಡುಗಿಯರು ಈಗ ಒಂದನೇ ಕ್ಲಾಸಿನ ಮಕ್ಕಳ ತಾಯಂದಿರು. ಆ ತಾಯಂದಿರು ಮಕ್ಕಳ ಹೆಸರನ್ನು ತಪ್ಪದೆ ಬರೆಸುತ್ತಿದ್ದಾರೆ ಅನ್ನುವುದೇ ದೊಡ್ಡ ಮಾತು. ದಾಖಲಾತಿಯ ಗೆಲುವು ಸುಳ್ಳಲ್ಲ. ನಾನು ಅದನ್ನು ಕಡೆಗಣಿಸುತ್ತಿಲ್ಲ.

ಸೆಪ್ಟೆಂಬರ್ 30 ದಾಟಿದ ಮೇಲೆ

ಶಾಲಾ ಮಕ್ಕಳ ಲೆಕ್ಕಕ್ಕೆ ಬಹುಕಾಲದಿಂದ ಹಿಡಿದುಕೊಂಡು ಬಂದ ದಿನ ಸೆಪ್ಟೆಂಬರ್ 30. ಆ ದಿನ ಶಾಲೆಯಲ್ಲಿ ಯಾರ ಹೆಸರಿದೆಯೋ ಅವರು ಆ ವರ್ಷದ ವಿದ್ಯಾರ್ಥಿಗಳು. ಬೆಂಗಳೂರು, ಮಂಗಳೂರಿಗೆ ಈ ದಿನ ಸರಿ ಇರಬಹುದು. ನಮ್ಮ ಕಡೆಗೆ ಇದಕ್ಕಿಂತ ಮೋಸದ ದಿನ ಇನ್ನೊಂದಿಲ್ಲ. ಆಗಿನ್ನೂ ಹತ್ತಿ ಒಡೆದಿರುವುದಿಲ್ಲ. ತೊಗರಿ ಹೂವಿನಲ್ಲಿ ಕೂಡ ಇರುವುದಿಲ್ಲ. ಗುಳೆ ಹೋಗುವವರು ಹಬ್ಬ ಮುಗಿಸಿಕೊಂಡು ಹೊರಡೋಣ ಅಂತ ಊರಲ್ಲೇ ಇರುತ್ತಾರೆ. ಎಲ್ಲರೂ ಊರಲ್ಲಿರುವ ಕೊನೆಯ ದಿನಗಳಲ್ಲಿ ಫೋಟೋ ತೆಗೆದು, ವರ್ಷಪೂರ್ತಿ ಮನೆ ತುಂಬಿತ್ತು ಅಂತ ಹೇಳಿದ ಹಾಗೆ.

ದಸರಾ ಮುಗಿಯುತ್ತಿದ್ದಂತೆ ಊರಿನ ಬೆಳಗು ಬದಲಾಗುತ್ತದೆ. ಏಳು ಗಂಟೆಗೆಲ್ಲ ಅಗಸಿ, ಅಂದರೆ ಊರ ಹೆಬ್ಬಾಗಿಲ ಹತ್ತಿರ ಟಂಟಂ ಬಂದು ನಿಲ್ಲುತ್ತದೆ. ಬುತ್ತಿ ಗಂಟು, ನೀರಿನ ಕ್ಯಾನು, ಸೊಂಟಕ್ಕೆ ಕಟ್ಟಿಕೊಳ್ಳಲು ಹಳೇ ಸೀರೆ ತುಂಡು. ಹತ್ತು ಜನ ಕೂರುವ ಗಾಡಿಯಲ್ಲಿ ಇಪ್ಪತ್ತು ಜನ. ಅದರಲ್ಲಿ ನಾಲ್ಕೈದು ಮಂದಿ ನಾಲ್ಕನೇ, ಐದನೇ, ಆರನೇ ಕ್ಲಾಸಿನವರು. ಹತ್ತಿ ಬಿಡಿಸುವುದಕ್ಕೆ ಕೂಲಿ ಕೆ.ಜಿ. ಲೆಕ್ಕ. ದಿನದ ಲೆಕ್ಕದ ಕೂಲಿಯಾಗಿದ್ದರೆ ಸಣ್ಣ ಹುಡುಗನನ್ನು ಹೊಲದ ಯಜಮಾನನೇ ಬೇಡ ಅನ್ನುತ್ತಿದ್ದ. ತೂಕದ ಲೆಕ್ಕ ಆದ್ದರಿಂದ ಹುಡುಗ ಬಿಡಿಸಿದ ಮೂರು ನಾಲ್ಕು ಕೆ.ಜಿ.ಯೂ ಅವ್ವನ ಗಂಟಿಗೆ ಸೇರುತ್ತದೆ. ಯಾರೂ ಅವನನ್ನು ಕೆಲಸಕ್ಕೆ ಇಟ್ಟುಕೊಂಡಿಲ್ಲ, ಅವನ ಹೆಸರು ಯಾವ ಕೂಲಿ ಪಟ್ಟಿಯಲ್ಲೂ ಇಲ್ಲ. ಬಾಲಕಾರ್ಮಿಕ ಅಂತ ಹಿಡಿಯಲು ಹೋದರೆ ‘ಅವ್ವನ ಜೋಡಿ ಬಂದಾನ್ರಿ’ ಅನ್ನುತ್ತಾರೆ. ಹೆಸರು ಶಾಲೆಯಲ್ಲಿ, ತೂಕ ಅವ್ವನ ಗಂಟಿನಲ್ಲಿ. ಎರಡು ಲೆಕ್ಕದಲ್ಲೂ ಮಗು ಸರಿಯಾದ ಜಾಗದಲ್ಲೇ ಇದೆ.

ಒಮ್ಮೆ ಆ ಹೊಲಕ್ಕೂ ಹೋಗಿದ್ದೆ. ಒಣಗಿದ ಕಾಯಿಯ ತುದಿ ಮುಳ್ಳಿನ ಹಾಗೆ ಇರುತ್ತದೆ. ಉಗುರಿನ ಬುಡಕ್ಕೆ ಚುಚ್ಚುತ್ತದೆ. ಒಬ್ಬ ಹುಡುಗಿ ಎರಡು ಬೆರಳಿಗೆ ಬಟ್ಟೆ ಚೂರು ಸುತ್ತಿಕೊಂಡಿದ್ದಳು. ಅವಳ ತಂಗಿ, ಒಂದು ವರ್ಷದ ಕೂಸು, ಬೇವಿನ ಮರದ ಕೆಳಗೆ ಜೋಳಿಗೆಯಲ್ಲಿ ಮಲಗಿತ್ತು. ಹುಡುಗಿ ಹತ್ತಿ ಬಿಡಿಸಲು ಬಂದವಳೇ ಅಲ್ಲವಂತೆ, ಕೂಸು ನೋಡಿಕೊಳ್ಳಲು ಬಂದವಳು. ಕೂಸು ಮಲಗಿದಾಗ ಸುಮ್ನೆ ಯಾಕೆ ಕೂರಬೇಕು ಅಂತ ಬಿಡಿಸುತ್ತಿದ್ದಳು.

ಹೆಣ್ಣುಮಕ್ಕಳ ಗೈರುಹಾಜರಿಯ ಗುಟ್ಟು ಬಹುಪಾಲು ಇದೇ. ಅವ್ವ ಏಳಕ್ಕೆ ಹೊರಡುತ್ತಾಳೆ. ಅಂಗನವಾಡಿ ಬಾಗಿಲು ತೆಗೆಯುವುದು ಒಂಬತ್ತೂವರೆ ಮೇಲೆ. ಅದೂ ಮೂರು ವರ್ಷ ತುಂಬಿದ ಮಕ್ಕಳಿಗೆ. ಅದಕ್ಕಿಂತ ಸಣ್ಣ ಕೂಸು ಯಾರ ಕೈಯಲ್ಲಿ? ಅಕ್ಕನ ಕೈಯಲ್ಲಿ. ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಅಂತ ಸರ್ಕಾರ 2023ರಲ್ಲಿ ಶುರು ಮಾಡಿತು. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ. ಅದನ್ನು ಶಿಕ್ಷಣ ಇಲಾಖೆಯ ಯೋಜನೆ ಅಂತ ಯಾರೂ ಎಣಿಸುವುದಿಲ್ಲ. ನನ್ನನ್ನು ಕೇಳಿದರೆ ಹತ್ತಿ ಸೀಮೆಯಲ್ಲಿ ಅದು ಸರಿಯಾಗಿ, ಬೆಳಗಿನ ಆರೂವರೆಯಿಂದ ನಡೆದರೆ, ಐದನೇ ಕ್ಲಾಸಿನ ಹುಡುಗಿಯರನ್ನು ಉಳಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಯೋಜನೆ ಇಲ್ಲ.

ಹತ್ತಿಗೆ ಹೋದವರು ಸಂಜೆ ಮನೆಗೆ ಬರುತ್ತಾರೆ, ಮಧ್ಯೆ ಮಧ್ಯೆ ಶಾಲೆಗೂ ಬರುತ್ತಾರೆ. ಗುಳೆ ಹೋದವರ ಕತೆ ಬೇರೆ. ಚಿಂಚೋಳಿ, ಚಿತ್ತಾಪುರ, ಗುರುಮಠಕಲ್ ಕಡೆಯ ಲಂಬಾಣಿ ತಾಂಡಾಗಳಿಗೆ ಡಿಸೆಂಬರ್‌ನಲ್ಲಿ ಹೋಗಿ ನೋಡಿ. ಮನೆಗಳಿಗೆ ಬೀಗ, ಕಟ್ಟೆ ಮೇಲೆ ಮುದುಕರು. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಕಟ್ಟಡ ಕೆಲಸ ಕೆಲವರಿಗೆ. ಮಹಾರಾಷ್ಟ್ರದ ಕಬ್ಬಿನ ಗದ್ದೆ ಇನ್ನು ಕೆಲವರಿಗೆ. ಯುಗಾದಿ ಹೊತ್ತಿಗೆ ಹಲವರು ತಿರುಗಿ ಬರುತ್ತಾರೆ. ಆ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಮಗು ಪರೀಕ್ಷೆಗೆ ಕೂತು ಮುಂದಿನ ಕ್ಲಾಸಿಗೆ ಹೋಗುತ್ತದೆ. ಪುಸ್ತಕದ ಲೆಕ್ಕದಲ್ಲಿ ಎಲ್ಲ ಸರಿ.

ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ಋತುಮಾನ ವಸತಿ ನಿಲಯ, ಬೆಂಗಳೂರಿನ ಕೆಲಸದ ಜಾಗದಲ್ಲಿ ಟೆಂಟ್ ಶಾಲೆ, ಹೀಗೆ ಕಾಗದದ ಮೇಲೆ ಎರಡೂ ತುದಿಗೆ ಉತ್ತರ ಇದೆ. ತೊಂದರೆ ಇರುವುದು ತಾರೀಖಿನಲ್ಲಿ. ಅಪ್ಪ-ಅವ್ವ ಹೊರಡುವ ಮುನ್ನ ನಿಲಯದಲ್ಲಿ ಒಲೆ ಹೊತ್ತಿರಬೇಕು. ಅನುದಾನ ಬಂದು, ಅಡುಗೆಯವರು ಸಿಕ್ಕು, ಡಿಸೆಂಬರ್ ಕೊನೆಗೆ ಶುರುವಾದರೆ ಮಗು ಆಗಲೇ ರೈಲು ಹತ್ತಿಯಾಗಿರುತ್ತದೆ. ಮಗುವನ್ನು ಬಿಟ್ಟುಹೋಗಲು ಯಾವ ತಾಯಿಗೂ ಮನಸ್ಸು ಒಪ್ಪುವುದಿಲ್ಲ. ಒಪ್ಪಬೇಕಾದರೆ ಆ ಜಾಗವನ್ನು ಕಣ್ಣಾರೆ ನೋಡಿರಬೇಕು, ಅಡುಗೆಯವಳು ಯಾರು ಅಂತ ಗೊತ್ತಿರಬೇಕು.

ಇನ್ನು ಗಡಿ. ಗುರುಮಠಕಲ್, ಸೇಡಂ ದಾಟಿದರೆ ತೆಲಂಗಾಣ. ಔರಾದ್, ಭಾಲ್ಕಿ, ಆಳಂದ ದಾಟಿದರೆ ಮಹಾರಾಷ್ಟ್ರ. ನಮ್ಮ ರಾಜ್ಯದೊಳಗೆ ಮಗು ಶಾಲೆ ಬದಲಿಸಿದರೆ ಮಕ್ಕಳ ದಾಖಲೆ ಇಡುವ ರಾಜ್ಯದ ಸ್ಯಾಟ್ಸ್ ತಂತ್ರಾಂಶದಲ್ಲಿ ಹಿಡಿಯಬಹುದು. ಆಚೆ ರಾಜ್ಯದಲ್ಲಿ ಅದು ನಿಜಕ್ಕೂ ಶಾಲೆಗೆ ಹೋಗುತ್ತಿದೆಯೋ, ಇಟ್ಟಿಗೆ ಹೊರುತ್ತಿದೆಯೋ ಅಂತ ಇಲ್ಲಿನ ಮುಖ್ಯ ಶಿಕ್ಷಕರಿಗೆ ಕಾಣುವುದು ಫೋನಿನಲ್ಲಿ ಕೇಳಿದಷ್ಟೇ.

ಹೆಸರು ಯಾಕೆ ಉಳಿಯುತ್ತದೆ

ಇಷ್ಟು ದಿನ ಬಾರದ ಮಗುವಿನ ಹೆಸರನ್ನು ಮಾಸ್ತರರು ತೆಗೆಯುವುದಿಲ್ಲ ಯಾಕೆ? ಮೊದಲನೆಯದು, ತೆಗೆಯುವ ಹಾಗಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಒಳ್ಳೆಯ ನಿಯಮ. ಮೊದಲು ನಾಲ್ಕು ದಿನ ಬಾರದಿದ್ದರೆ ‘ಹೆಸರು ಹೊಡೆದೀನಿ’ ಅಂತ ಬೆದರಿಸುತ್ತಿದ್ದ ಮಾಸ್ತರರನ್ನು ನಾವೇ ಕಂಡಿದ್ದೇವೆ.

ಎರಡನೆಯದು ಯಾರೂ ಬಾಯಿಬಿಟ್ಟು ಹೇಳದ ಕಾರಣ. ಶಾಲೆಗೆ ಎಷ್ಟು ಮಾಸ್ತರರು ಅನ್ನುವುದು ದಾಖಲಾತಿ ಮೇಲೆ ನಿಂತಿದೆ. ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಒಂದು ಶಾಲೆಯಲ್ಲಿ 63 ಹೆಸರಿವೆ ಅಂದುಕೊಳ್ಳಿ. ನಾಲ್ಕು ಹೆಸರು ತೆಗೆದರೆ ಒಬ್ಬ ಶಿಕ್ಷಕರು ‘ಹೆಚ್ಚುವರಿ’ ಪಟ್ಟಿಗೆ ಸೇರುತ್ತಾರೆ, ಬೇರೆ ಊರಿಗೆ ಹೋಗುತ್ತಾರೆ. ಉಳಿದ 59 ಮಕ್ಕಳಿಗೆ ಇಬ್ಬರೇ. ಒಬ್ಬರು ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿಕೊಳ್ಳಬೇಕು, ಇನ್ನೊಬ್ಬರು ನಾಲ್ಕು-ಐದನ್ನು. ಯಾರಾದರೂ ಮೀಟಿಂಗಿಗೆ ಹೋದರೆ ಐದೂ ಕ್ಲಾಸು ಒಬ್ಬರಿಗೆ. ಇಂಥ ಲೆಕ್ಕ ಎದುರಿಗಿದ್ದಾಗ ನಾನೇ ಮುಖ್ಯ ಶಿಕ್ಷಕನಾಗಿದ್ದರೂ ಆ ನಾಲ್ಕು ಹೆಸರು ತೆಗೆಯುತ್ತಿರಲಿಲ್ಲ. ಇದನ್ನು ಮೋಸ ಅನ್ನಲು ನನಗೆ ಮನಸ್ಸಿಲ್ಲ. ತಲೆ ಎಣಿಸಿ ಅನ್ನ ಹಾಕುವ ವ್ಯವಸ್ಥೆಯಲ್ಲಿ ತಲೆಗಳು ಜಾಸ್ತಿಯೇ ಕಾಣುತ್ತವೆ.

ಹಳದಿ ವ್ಯಾನು

ಇಲ್ಲಿವರೆಗೆ ಹೇಳಿದ್ದು ಬಡವರ ಮಕ್ಕಳ ಮಾತು. ಊರಲ್ಲಿ ಸ್ವಲ್ಪ ಅನುಕೂಲ ಇದ್ದವರ ಮಕ್ಕಳನ್ನು ಕರೆದೊಯ್ಯಲು ಬೆಳಗ್ಗೆ ಎಂಟೂವರೆಗೆ ಇನ್ನೊಂದು ಗಾಡಿ ಬರುತ್ತದೆ. ಹಳದಿ ಬಣ್ಣದ ಕಾನ್ವೆಂಟ್ ವ್ಯಾನು. ಟಂಟಂ ನಿಲ್ಲುವ ಅಗಸಿಯಲ್ಲೇ ಅದೂ ನಿಲ್ಲುತ್ತದೆ.

ಕೊರೊನಾ ಕಾಲದಲ್ಲಿ ಈ ವ್ಯಾನು ನಿಂತಿತ್ತು. ಫೀಸು ಕಟ್ಟಲಾಗದೆ ಎಷ್ಟೋ ಮಂದಿ ಮಕ್ಕಳನ್ನು ಸರ್ಕಾರಿ ಶಾಲೆಗೆ ತಂದು ಸೇರಿಸಿದರು. ಗ್ರಾಮೀಣ ಭಾರತದಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ. 65ಕ್ಕಿಂತ ಸ್ವಲ್ಪ ಜಾಸ್ತಿ. 2022ಕ್ಕೆ ಶೇ. 72.9ಕ್ಕೆ ಏರಿದರು. 2024ಕ್ಕೆ 66.8. ಅಂದರೆ ಬಂದವರು ಬಂದ ದಾರಿಯಲ್ಲೇ ಹೋದರು. ಬಂದಾಗ ‘ಸರ್ಕಾರಿ ಶಾಲೆಯ ಮೇಲೆ ವಿಶ್ವಾಸ ಹೆಚ್ಚಿದೆ’ ಅಂತ ಬರೆದ ಲೇಖನಗಳನ್ನು ಈಗ ತೆಗೆದು ಓದಿದರೆ ನಗು ಬರುತ್ತದೆ.

ವ್ಯಾನಿನವರ ಜಾಣತನ ಇರುವುದು ಎಲ್‌ಕೆಜಿಯಲ್ಲಿ. ಸರ್ಕಾರಿ ಶಾಲೆ ಮಗುವನ್ನು ಆರಕ್ಕೆ ಕರೆಯುತ್ತದೆ. ವ್ಯಾನು ಮೂರೂವರೆಗೇ ಕರೆಯುತ್ತದೆ. ಎರಡು ವರ್ಷ ಟೈ ಕಟ್ಟಿಕೊಂಡು ಓಡಾಡಿದ ಮಗುವನ್ನು ಒಂದನೇ ಕ್ಲಾಸಿಗೆ ಸರ್ಕಾರಿ ಶಾಲೆಗೆ ತರುವವರು ಯಾರು? ಸರ್ಕಾರಕ್ಕೂ ಇದು ತಿಳಿದಿದೆ. 2019-20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. 2024ರಲ್ಲಿ ಕಲ್ಯಾಣ ಕರ್ನಾಟಕದ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡಲು ಹೊರಟರು. ಕೂಡಲೇ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿಗೆ ಹೋಗಿ ಧರಣಿ ಕೂತರು. ನಮ್ಮ ಮಕ್ಕಳನ್ನು ಕಿತ್ತುಕೊಂಡರೆ ನಾವು ಯಾರಿಗೆ ಕಲಿಸೋಣ ಅನ್ನುವುದು ಅವರ ಪ್ರಶ್ನೆ. ಅದೂ ಸರಿಯೇ. ಒಂದೇ ಊರಿನ ಒಂದೇ ಮೂರು ವರ್ಷದ ಮಗುವಿಗೆ ಈಗ ಅಂಗನವಾಡಿ, ಸರ್ಕಾರಿ ಎಲ್‌ಕೆಜಿ, ವ್ಯಾನು, ಮೂರು ಕಡೆಯಿಂದ ಕರೆ. ಅದೇ ಮಗುವಿಗೆ ಹತ್ತು ವರ್ಷ ಆದಾಗ ಹತ್ತಿ ಹೊಲದಿಂದ ಮಾತ್ರ.

ಒಂದನೇ ಕ್ಲಾಸಿನ ವಯಸ್ಸಿನ ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ 2022ರ ಜುಲೈನಲ್ಲಿ ಆದೇಶ ಬಂತು. ಪೋಷಕರು ಗಲಾಟೆ ಮಾಡಿದ ಮೇಲೆ ಅದೇ ನವೆಂಬರ್‌ನಲ್ಲಿ 2025-26ಕ್ಕೆ ಮುಂದೂಡಿದರು. 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಇಳಿಸಿದರು. ಹೀಗೆ ವಯಸ್ಸಿನ ಗೆರೆ ಹಿಂದೆ ಮುಂದೆ ಸರಿದಾಗಲೆಲ್ಲ ಒಂದನೇ ಕ್ಲಾಸಿನ ಸಂಖ್ಯೆ ಒಂದು ವರ್ಷ ಉಬ್ಬುತ್ತದೆ, ಇನ್ನೊಂದು ವರ್ಷ ಕುಗ್ಗುತ್ತದೆ. ಅಂಕಿ ನೋಡುವವರು ಇದನ್ನು ಮರೆಯಬಾರದು. ನಮ್ಮ ಹಳ್ಳಿಗಳಿಗೆ ಮಾತ್ರ ಜೂನ್ 1 ಹೊಸ ತಾರೀಖೇನಲ್ಲ. ನಮ್ಮ ವಯಸ್ಸಿನ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದ್ದು. ಹುಟ್ಟಿದ ದಿನ ಗೊತ್ತಿಲ್ಲ ಅಂದರೆ ಮಾಸ್ತರರು ಅದನ್ನೇ ಬರೆಯುತ್ತಿದ್ದರು.

ತಟ್ಟೆಯ ಲೆಕ್ಕ

ಹಾಜರಾತಿ ಹೆಚ್ಚಿಸಿದ ಯೋಜನೆ ಯಾವುದು ಅಂತ ಮಾಸ್ತರರನ್ನು ಕೇಳಿ. ಎಲ್ಲರೂ ಊಟ ಅನ್ನುತ್ತಾರೆ. ಅಕ್ಷರ ದಾಸೋಹ ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾದದ್ದು ಈ ಭಾಗದ ಏಳು ಜಿಲ್ಲೆಗಳಲ್ಲಿ, 2002ರ ಜೂನ್‌ನಲ್ಲಿ. ಮೊಟ್ಟೆಯೂ ಅಷ್ಟೇ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ ಸೇರಿ ಈ ಕಡೆಯ ಕೆಲವು ಜಿಲ್ಲೆಗಳಿಂದಲೇ ಶುರು. ಕೆಲವು ಮಠಾಧೀಶರು ಬೇಡ ಅಂದರು, ಬೇಡದವರಿಗೆ ಬಾಳೆಹಣ್ಣು ಅಂತ ಆಯಿತು. ಈಗ ವಾರಕ್ಕೆ ಎರಡು ಮೊಟ್ಟೆ ಸರ್ಕಾರದ್ದು. 2024ರಿಂದ ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು.

ನನಗೆ ಈ ಊಟದ ಲೆಕ್ಕ ಇಷ್ಟವಾಗುವುದು ಬೇರೆ ಕಾರಣಕ್ಕೆ. ಇವತ್ತು ಎಷ್ಟು ಮಕ್ಕಳು ಉಂಡರು ಅಂತ ಶಾಲೆ ದಿನಾ ಬರೆಯಬೇಕು. ಇಡೀ ವ್ಯವಸ್ಥೆಯಲ್ಲಿ ಹೆಸರನ್ನು ಬಿಟ್ಟು ಮಗುವನ್ನೇ ದಿನದಿನ ಎಣಿಸುವ ಪುಸ್ತಕ ಅಂದರೆ ಹಾಜರಿ ಪುಸ್ತಕ ಮತ್ತು ಈ ಊಟದ ಪುಸ್ತಕ, ಎರಡೇ. ಅವುಗಳಲ್ಲೂ ಕೈಚಳಕ ನಡೆಯುತ್ತದೆ ಅನ್ನಿ. ಆದರೆ ಹತ್ತು ತಿಂಗಳ ಊಟದ ಸಂಖ್ಯೆಯನ್ನು ತಿಂಗಳವಾರು ಒಂದು ಗೆರೆಯಾಗಿ ಎಳೆದು ನೋಡಿದರೆ, ಯಾವ ಊರಲ್ಲಿ ಯಾವ ತಿಂಗಳು ಮಕ್ಕಳು ಕಡಿಮೆಯಾಗುತ್ತಾರೆ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೂತೇ ತಿಳಿಯಬಹುದು. ಹತ್ತಿ ಊರಿನ ಗೆರೆ ಅಕ್ಟೋಬರ್‌ನಿಂದ ಬೀಳುತ್ತದೆ. ತಾಂಡಾದ್ದು ದೀಪಾವಳಿ ಆದ ಮೇಲೆ. ಅಂಕಿ ಇಲ್ಲದೆ ಅಲ್ಲ, ನೋಡುವವರಿಲ್ಲದೆ ಇದು ಹಾಗೇ ಉಳಿದಿದೆ.

ತಪ್ಪಿದ ತಿಂಗಳುಗಳು ಎಲ್ಲಿ ಹೊರಗೆ ಬರುತ್ತವೆ? ಎಸ್‌ಎಸ್‌ಎಲ್‌ಸಿಯಲ್ಲಿ. 2024ರ ಫಲಿತಾಂಶದಲ್ಲಿ ಯಾದಗಿರಿ ಶೇ. 50.59ರೊಂದಿಗೆ ಕೊನೆ. 2025ರಲ್ಲಿ ಕಲಬುರಗಿ ಶೇ. 42.43ರೊಂದಿಗೆ ಕೊನೆ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದದ್ದೂ ಇದಕ್ಕೆ ಕಾರಣ, ಇಲ್ಲ ಅನ್ನುವುದಿಲ್ಲ. ಆದರೆ 2025ರಲ್ಲಿ ಪರೀಕ್ಷೆ ಬರೆದವರು ಯಾರು? 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಐದನೇ ಕ್ಲಾಸಿನಲ್ಲಿದ್ದವರು. ಆರನೇ ಕ್ಲಾಸನ್ನು ಸರಿಯಾಗಿ ಕಾಣದೆ 2021ರ ಸೆಪ್ಟೆಂಬರ್‌ನಲ್ಲಿ ಏಳನೇ ಕ್ಲಾಸಿಗೆ ಬಂದು ಕೂತವರು. ಅದಕ್ಕೂ ಮುಂಚೆ, ಅದರ ನಂತರ, ವರ್ಷಕ್ಕೆ ಎರಡು ಮೂರು ತಿಂಗಳು ಹತ್ತಿಗೆ ಕೊಟ್ಟವರೂ ಅವರಲ್ಲಿದ್ದರು. ಪ್ರತಿ ವರ್ಷದ ದಾಖಲಾತಿ ಪಟ್ಟಿಯಲ್ಲಿ ಇವರೆಲ್ಲರ ಹೆಸರಿತ್ತು. ಫಲಿತಾಂಶ ಬಂದಾಗ ಹತ್ತನೇ ಕ್ಲಾಸಿನ ಮಾಸ್ತರರಿಗೆ ನೋಟಿಸು ಕೊಟ್ಟರೆ, ಸೋರಿದ ಕೊಡದಲ್ಲಿ ನೀರಿಲ್ಲ ಅಂತ ಮನೆಗೆ ಹೊತ್ತು ತಂದವಳನ್ನು ಬೈದ ಹಾಗೆ.

ಮಾಡಬಹುದಾದದ್ದು ಏನೂ ದೊಡ್ಡದಲ್ಲ. ಸೆಪ್ಟೆಂಬರ್ 30ರ ಜೊತೆಗೆ ನವೆಂಬರ್ 30ಕ್ಕೆ, ಜನವರಿ 31ಕ್ಕೆ ಇನ್ನೆರಡು ಸಲ ತಲೆ ಎಣಿಸಿ. ಶಿಕ್ಷಕರ ಹುದ್ದೆಯನ್ನು ಆ ಎಣಿಕೆಗೆ ಕಟ್ಟಬೇಡಿ. ಕಟ್ಟಿದರೆ ಅದೂ ಸುಳ್ಳಾಗುತ್ತದೆ. ಇಡೀ ರಾಜ್ಯಕ್ಕೆ ಒಂದೇ ರಜೆ ಪಟ್ಟಿ ಯಾಕೆ ಬೇಕು ಅಂತಲೂ ಕೇಳಬಹುದು. ಹತ್ತಿ ಸೀಮೆಯಲ್ಲಿ ಒಂದಿಷ್ಟು ದಿನದ ರಜೆಯನ್ನು ಸುಗ್ಗಿಯ ಬಿಸಿಗೆ ಸರಿಸಿ, ಬೇಸಿಗೆಯಲ್ಲಿ ಬೆಳಗಿನ ಶಾಲೆ ನಡೆಸಬಹುದು. ಮಾಮಾ ಇದಕ್ಕೆ ಒಪ್ಪಲಿಲ್ಲ. ‘ರಜಾ ಕೊಟ್ರ ಈಗ ಬರೋ 19 ಮಂದೀನೂ ಹತ್ತಿಗೇ ಹೋಗ್ತಾರ’ ಅಂದರು. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಮಾಮಾ ಮತ್ತೊಮ್ಮೆ ಹಾಜರಿ ಕರೆದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಬಂದವರು ‘ಹಾಜರ್ ಸರ’ ಅಂದರು. ಬಾರದವರ ಹೆಸರು ಬಂದಾಗ ಮಾಮಾ ನಿಲ್ಲುತ್ತಿದ್ದರು, ಆಗ ಉಳಿದ ಮಕ್ಕಳೇ ಉತ್ತರ ಕೊಡುತ್ತಿದ್ದರು.

‘ಹತ್ತಿ, ಸರ.’

‘ಬೆಂಗಳೂರು, ಸರ.’

‘ಹತ್ತಿ, ಸರ.’

‘ಕೂಸು ಹಿಡೀಲಾಕ ಹೋಗ್ಯಾಳ, ಸರ.’

‘ಪುಣಾ, ಸರ. ಯುಗಾದಿಗೆ ಬರ್ತಾನಂತ.’

ಒಂದೊಂದು ಉತ್ತರಕ್ಕೂ ಮಾಮಾ ಕೆಂಪು ‘ಗೈ’ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಸಣ್ಣ ಅಕ್ಷರ ಬರೆಯುತ್ತಿದ್ದರು. ಹ, ಬೆಂ, ಹ, ಕೂ, ಪು. ತಿಂಗಳ ಕೊನೆಗೆ ಪುಸ್ತಕ ಮೇಲಿನವರ ಸಹಿಗೆ ಹೋಗುವ ಮುಂಚೆ ಅದನ್ನೆಲ್ಲ ರಬ್ಬರ್ ಹಾಕಿ ಅಳಿಸುತ್ತಾರಂತೆ.